ತಲೆಗೆ ತಿಂಗಳಿಗೆ 397 ರೂಪಾಯಿ: ವೃದ್ಧಾಶ್ರಮದ ಡಿಜಿಟಲ್ ಲೆಕ್ಕ

ಇಪ್ಪತ್ತೈದು ಹಿರಿಯರಿರುವ ಒಂದು ವೃದ್ಧಾಶ್ರಮ. ಅದು ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿರಬಹುದು, ಹೊನ್ನಾಳಿ, ನ್ಯಾಮತಿ ಅಥವಾ ಜಗಳೂರಿನಲ್ಲಿರಬಹುದು. ಅಲ್ಲಿಗೆ ಇಂಟರ್ನೆಟ್, ಒಂದು ಟ್ಯಾಬ್, ಬಿಪಿ ಮತ್ತು ಶುಗರ್ ನೋಡುವ ಮಿಷನ್, ಹಾಸಿಗೆಗೊಂದು ಕರೆಗಂಟೆ, ಕರೆಂಟು ಹೋದಾಗ ಇವೆಲ್ಲ ನಿಲ್ಲದಂತೆ ಒಂದು ಇನ್‌ವರ್ಟರ್, ಇವನ್ನೆಲ್ಲ ದಿನವೂ ಬಳಸುವ ಒಬ್ಬರ ಎರಡು ಗಂಟೆಯ ದುಡಿಮೆ ಇಷ್ಟನ್ನೂ ಒದಗಿಸಲು ತಲೆಗೆ ತಿಂಗಳಿಗೆ 397 ರೂಪಾಯಿ ಬೇಕಾಗುತ್ತದೆ. ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ಸಿಗುವ ಮಾಸಾಶನ 1,200 ರೂಪಾಯಿ. ಅದರ ಮೂರರಲ್ಲೊಂದು ಪಾಲು ಇದು.

ಈ 397ರಲ್ಲಿ ಯಂತ್ರಗಳಿಗೆ ಹೋಗುವುದು 77 ರೂಪಾಯಿ ಮಾತ್ರ. ಉಳಿದ 320ರಲ್ಲಿ ಅರ್ಧ ದಿನನಿತ್ಯದ ಬಳಕೆಯ ಸಾಮಾನಿಗೆ, ಇನ್ನರ್ಧ ಮನುಷ್ಯರ ಸಮಯಕ್ಕೆ. ದಾನಿಗಳು ಕೊಡುವುದು, ಸಂಘ-ಸಂಸ್ಥೆಗಳು ಹಸ್ತಾಂತರಿಸಿ ಫೋಟೊ ತೆಗೆಸಿಕೊಳ್ಳುವುದು ಹೆಚ್ಚಾಗಿ ಆ 77 ರೂಪಾಯಿಯ ಭಾಗವನ್ನು. ಮಿಷನ್ನು ಬಂದು ಮೂರು ತಿಂಗಳಿಗೆ ಸ್ಟ್ರಿಪ್ ಮುಗಿದು, ರೀಚಾರ್ಜ್ ನಿಂತು, ಅದು ಬೀರುವಿನೊಳಗೆ ಸೇರುವುದು ಉಳಿದ 320 ರೂಪಾಯಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯದ ಕಾರಣಕ್ಕೆ. ಈ ಬರಹ ಆ 320ರ ಪರವಾಗಿ.

ಎಷ್ಟು ಜನ, ಎಷ್ಟು ಹಾಸಿಗೆ

2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಅವರಲ್ಲಿ ಅರವತ್ತು ದಾಟಿದವರು ನೂರಕ್ಕೆ ಸುಮಾರು 9.5, ಅಂದರೆ 58 ಲಕ್ಷದ ಹತ್ತಿರ. ಆಗ ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನೊಳಗೇ ಇತ್ತು. ಚನ್ನಗಿರಿ, ಹೊನ್ನಾಳಿ, ಜಗಳೂರು ಮೂರೂ ಸೇರಿ ಸುಮಾರು ಏಳು ಲಕ್ಷ ಜನ. ರಾಜ್ಯದ ಸರಾಸರಿಯನ್ನೇ ಇಲ್ಲಿಗೆ ಅನ್ವಯಿಸಿದರೆ ಈಗಿನ ನಾಲ್ಕು ತಾಲ್ಲೂಕುಗಳಲ್ಲಿ ಆಗ ಇದ್ದ ಹಿರಿಯರು 66,500. ಹದಿನೈದು ವರ್ಷದ ಹಿಂದಿನ ಅಂಕಿ ಇದು. ಈಗ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ದುಡಿಯುವ ಮಕ್ಕಳು ಬೆಂಗಳೂರಿಗೆ ಹೋಗಿ ನೆಲೆಸಿದ ಮನೆಗಳಲ್ಲಿ ಅಜ್ಜ, ಅಜ್ಜಿ ಇಬ್ಬರೇ ಉಳಿದಿರುವುದನ್ನು ಜಗಳೂರಿನ ಮಳೆಯಿಲ್ಲದ ಹಳ್ಳಿಗಳಲ್ಲಿ ಓಡಾಡಿದ ಯಾರಾದರೂ ಕಂಡಿರುತ್ತಾರೆ.

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ದೇಶದ ಹಿರಿಯರಲ್ಲಿ ನೂರಕ್ಕೆ 7.4ರಷ್ಟು ಮಂದಿಗೆ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಹೇಳಿತು. ಆ ಪ್ರಮಾಣದಲ್ಲಿ ಈ ತಾಲ್ಲೂಕುಗಳಲ್ಲಿ ಸುಮಾರು 4,900 ಮಂದಿ. ‘ವಯಸ್ಸಾಯ್ತು, ಅರಳು ಮರಳು’ ಎಂದು ಬಿಟ್ಟವರೇ ಇದರಲ್ಲಿ ಹೆಚ್ಚಿರಬೇಕು.

ಇನ್ನು ಹಾಸಿಗೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 19ನೇ ಕಲಮು, ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಬಡ ಹಿರಿಯರಿಗೆ ಸ್ಥಳವಿರುವ ವೃದ್ಧಾಶ್ರಮಗಳನ್ನು ರಾಜ್ಯ ಸರ್ಕಾರ ಸ್ಥಾಪಿಸಬಹುದು ಎನ್ನುತ್ತದೆ. ಹರಪನಹಳ್ಳಿ ತಾಲ್ಲೂಕು ಬಿಟ್ಟುಹೋದ ಮೇಲೆ ದಾವಣಗೆರೆ ಜಿಲ್ಲೆಗೆ 2011ರ ಲೆಕ್ಕದಲ್ಲಿ ಉಳಿಯುವುದು ಸುಮಾರು 16.4 ಲಕ್ಷ ಜನ, 1 ಲಕ್ಷ 56 ಸಾವಿರ ಹಿರಿಯರು. ಕಾಯ್ದೆ ಹೇಳಿದ 150 ಹಾಸಿಗೆ ಪೂರ್ತಿ ಸಿಕ್ಕರೂ ಸಾವಿರದ ನಲವತ್ತು ಹಿರಿಯರಿಗೆ ಒಂದು ಹಾಸಿಗೆ. ಹಾಗಾಗಿ ವೃದ್ಧಾಶ್ರಮದ ಬಗ್ಗೆ ಯೋಚಿಸುವಾಗ ಎರಡನ್ನೂ ನೆನಪಿಡಬೇಕು. ಒಳಗಿರುವವರು ಬಹಳ ಕಡಿಮೆ. ಆದರೆ ಬೇರೆ ದಾರಿಯೇ ಇಲ್ಲದೆ ಬಂದವರು ಅವರು. ‘ಮನೆಯವರು ನೋಡಿಕೊಳ್ಳಲಿ’ ಎಂಬ ಮಾತು ಅವರ ಮಟ್ಟಿಗೆ ಮುಗಿದಿದೆ.

ನಾನು ಲೆಕ್ಕಕ್ಕೆ 25 ಮಂದಿಯ ಮನೆಯನ್ನು ಆರಿಸಿಕೊಂಡಿರುವುದು, ಕೇಂದ್ರ ಸರ್ಕಾರ ಅಟಲ್ ವಯೋ ಅಭ್ಯುದಯ ಯೋಜನೆಯಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಡುವಾಗ 25 ಮಂದಿಯ ಮನೆಯನ್ನು ಒಂದು ಘಟಕವಾಗಿ ಹಿಡಿಯುವುದರಿಂದ. ಹಿರಿಯರ ಆರೋಗ್ಯದ ರಾಷ್ಟ್ರೀಯ ಸಮೀಕ್ಷೆಯ ಮೊದಲ ಸುತ್ತಿನ ವರದಿ 2021ರ ಜನವರಿಯಲ್ಲಿ ಬಂತು. ನೂರು ಹಿರಿಯರಲ್ಲಿ 75 ಮಂದಿಗೆ ಒಂದಲ್ಲ ಒಂದು ದೀರ್ಘಕಾಲದ ಕಾಯಿಲೆ ಇದೆ ಎಂದು ಅದು ತಿಳಿಸಿತು. ನಮ್ಮ 25ರಲ್ಲಿ 19 ಮಂದಿ. ಅವರಲ್ಲಿ ಎಂಟು ಜನಕ್ಕೆ ಶುಗರ್ ಇದೆ, ಐದು ಜನಕ್ಕೆ ಶ್ರವಣ ಸಾಧನ ಬೇಕು ಎಂದು ಹಿಡಿದಿದ್ದೇನೆ. ಬೆಲೆಗಳು ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಮಧ್ಯಮ ದರ್ಜೆಯ ಸಾಮಾನಿನವು, ದುಂಡಾಗಿಸಿ ಬರೆದವು. ಊರಿಂದೂರಿಗೆ ನೂರಿನ್ನೂರು ಆಚೀಚೆ ಆಗುತ್ತದೆ.

ಒಮ್ಮೆ ಕೊಳ್ಳುವುದು: 92,500

ಇನ್‌ವರ್ಟರ್ ಮತ್ತು 150 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ 24,000. ಇಂಟರ್ನೆಟ್ ಸಂಪರ್ಕ ಮತ್ತು ರೂಟರ್ 2,000. ಹತ್ತು ಇಂಚಿನ ಟ್ಯಾಬ್, ಅದಕ್ಕೊಂದು ಸ್ಟ್ಯಾಂಡ್, ಜೋರಾಗಿ ಕೇಳುವ ಸ್ಪೀಕರ್ 17,000. ತೋಳಿಗೆ ಕಟ್ಟುವ ಬಿಪಿ ಮಿಷನ್ ಎರಡು, 4,000. ಗ್ಲುಕೋಮೀಟರ್ 1,000. ಬೆರಳಿಗೆ ಹಾಕುವ ಆಕ್ಸಿಮೀಟರ್, ಥರ್ಮಾಮೀಟರ್, ತೂಕದ ಯಂತ್ರ ಸೇರಿ 2,500. ಇಪ್ಪತ್ತೈದು ವೈರ್‌ಲೆಸ್ ಕರೆಗಂಟೆಯ ಗುಂಡಿ ಮತ್ತು ಯಾವ ಹಾಸಿಗೆಯಿಂದ ಕರೆ ಬಂತೆಂದು ತೋರಿಸುವ ಫಲಕ 18,000. ಮನುಷ್ಯ ಎದ್ದರೆ ತಾನಾಗಿ ಹತ್ತುವ ರಾತ್ರಿದೀಪ ಹತ್ತು, 4,000. ಗೇಟು, ಪಡಸಾಲೆ, ಅಡುಗೆಮನೆ, ಹಿತ್ತಲಿಗೆ ನಾಲ್ಕು ಕ್ಯಾಮೆರಾ ಮತ್ತು ರೆಕಾರ್ಡರ್ 20,000. ಒಟ್ಟು 92,500. ನಾಲ್ಕು ವರ್ಷ ಬಾಳಿಕೆ ಎಂದರೆ ತಿಂಗಳಿಗೆ 1,927 ರೂಪಾಯಿ, ತಲೆಗೆ 77.

ಪಟ್ಟಿಯಲ್ಲಿ ಇನ್‌ವರ್ಟರನ್ನು ಮೊದಲು ಬರೆದಿದ್ದೇನೆ. ಬೇಸಿಗೆಯಲ್ಲಿ, ಗಾಳಿಮಳೆಯಲ್ಲಿ ಕರೆಂಟು ಹೋಗುವ ಊರುಗಳಿವು. ಕರೆಂಟು ಹೋದಾಗ ನಿಲ್ಲುವ ಕರೆಗಂಟೆ ಇಲ್ಲದ್ದಕ್ಕಿಂತ ಅಪಾಯ, ಏಕೆಂದರೆ ಅಜ್ಜಿ ಅದನ್ನು ನಂಬಿ ಕೂಗುವುದನ್ನು ಬಿಟ್ಟಿರುತ್ತಾರೆ. 150 ಆಂಪಿಯರ್-ಅವರ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್ ಇರುತ್ತದೆ. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡದೆ, ಇನ್‌ವರ್ಟರಿನ ನಷ್ಟ ಕಳೆದರೆ ಕೈಗೆ ಸಿಗುವುದು ಸುಮಾರು 860. ರೂಟರ್, ಟ್ಯಾಬ್, ಕರೆಗಂಟೆ ಫಲಕ, ರಾತ್ರಿದೀಪ ಸೇರಿ 55 ವ್ಯಾಟ್ ಎಳೆಯುತ್ತವೆ. ಹದಿನೈದು ಗಂಟೆ ನಡೆಯುತ್ತದೆ. ನಾಲ್ಕು ಕ್ಯಾಮೆರಾ ಮತ್ತು ರೆಕಾರ್ಡರಿನ 40 ವ್ಯಾಟ್ ಸೇರಿಸಿದರೆ ಒಂಬತ್ತು ಗಂಟೆಗೆ ಇಳಿಯುತ್ತದೆ. ಐದು ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ ಹಚ್ಚಿದರೆ, ಅದೊಂದೇ 350 ವ್ಯಾಟ್, ಎರಡೂವರೆ ಗಂಟೆಗೆ ಬ್ಯಾಟರಿ ಮುಗಿಯುತ್ತದೆ. ಉಸಿರಾಟಕ್ಕೆ ಅದನ್ನೇ ನೆಚ್ಚಿಕೊಂಡವರು ಇದ್ದರೆ ತುಂಬಿದ ಸಿಲಿಂಡರ್ ಮನೆಯಲ್ಲಿರಲೇಬೇಕು. ಈ ಲೆಕ್ಕವನ್ನು ಗೋಡೆಯ ಮೇಲೆ ಬರೆದು ಅಂಟಿಸಿದರೂ ಸರಿಯೇ.

ಕ್ಯಾಮೆರಾವನ್ನು ಕೊನೆಗೆ ಬರೆದದ್ದಕ್ಕೂ ಕಾರಣವಿದೆ. ಆಶ್ರಮ ನಡೆಸುವವರು ಮೊದಲು ಕೇಳುವುದು ಅದನ್ನೇ, ದಾನಿಗಳಿಗೂ ಅದೇ ಕಣ್ಣಿಗೆ ಬೀಳುತ್ತದೆ. ಆದರೆ ಬಿದ್ದವರನ್ನು ಕ್ಯಾಮೆರಾ ಎತ್ತುವುದಿಲ್ಲ. ರಾತ್ರಿ ಎರಡಕ್ಕೆ ಪರದೆಯ ಮುಂದೆ ಯಾರೂ ಕೂತಿರುವುದೂ ಇಲ್ಲ. ಒಂದು ಕ್ಯಾಮೆರಾ ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ದೃಶ್ಯವನ್ನು ಹೊರಗೆ ಕಳಿಸಿದರೆ ದಿನಕ್ಕೆ 10.8 ಜಿಬಿ, ನಾಲ್ಕಕ್ಕೆ ತಿಂಗಳಿಗೆ 1,300 ಜಿಬಿ. ಬೆಂಗಳೂರಿನ ಮಗ ಫೋನಿನಲ್ಲಿ ನೋಡಲಿ ಎಂದು ಅಷ್ಟನ್ನು ಹರಿಸುವ ಬದಲು, ಆತ ವಾರಕ್ಕೆ ಹದಿನೈದು ನಿಮಿಷ ವಿಡಿಯೊ ಕರೆ ಮಾಡಿದರೆ ಒಳ್ಳೆಯದು. 25 ಮಂದಿಗೂ ವಾರಕ್ಕೆ ಹದಿನೈದು ನಿಮಿಷವೆಂದರೆ ತಿಂಗಳಿಗೆ 27 ಗಂಟೆ, ಅದಕ್ಕೆ ಖರ್ಚಾಗುವುದು ಸುಮಾರು 6 ಜಿಬಿ. ತಂದೆ ಕ್ಯಾಮೆರಾದಲ್ಲಿ ಕಾಣುವುದು ಬೇರೆ, ತಂದೆಯ ಜೊತೆ ಮಾತಾಡುವುದು ಬೇರೆ. ಮಲಗುವ ಕೋಣೆಯಲ್ಲಿ, ಬಚ್ಚಲಲ್ಲಿ ಕ್ಯಾಮೆರಾ ಇಡಲೇಬಾರದು. ಇಟ್ಟಲ್ಲೆಲ್ಲ ಅಲ್ಲಿರುವವರಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಆಶಯವೂ ಇದೇ. ಕ್ಯಾಮೆರಾ ತೆಗೆದುಹಾಕಿದರೆ 397 ಇದ್ದದ್ದು 380ಕ್ಕೆ ಇಳಿಯುತ್ತದೆ.

ರಾತ್ರಿದೀಪಕ್ಕೆ ಬರೆದ 4,000 ರೂಪಾಯಿ ಇಡೀ ಪಟ್ಟಿಯಲ್ಲಿ ಅತ್ಯಂತ ಸಾರ್ಥಕವಾದ ಹಣ ಎಂಬುದು ನನ್ನ ಅಭಿಪ್ರಾಯ. ಬಿದ್ದು ಸಾಯುವವರ ಸಂಖ್ಯೆ ಜಗತ್ತಿನಲ್ಲಿ ವರ್ಷಕ್ಕೆ 6 ಲಕ್ಷ 84 ಸಾವಿರ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ, ಅದರಲ್ಲಿ ಹೆಚ್ಚಿನ ಪಾಲು ಅರವತ್ತು ದಾಟಿದವರದು. ಸೊಂಟದ ಮೂಳೆ ಮುರಿದ ಒಬ್ಬರ ಶಸ್ತ್ರಚಿಕಿತ್ಸೆ, ಆಮೇಲಿನ ತಿಂಗಳುಗಳ ಹಾಸಿಗೆ ಆರೈಕೆ ನೆನೆದರೆ, ಹಾಸಿಗೆಯಿಂದ ಬಚ್ಚಲಿನ ತನಕದ ದಾರಿಗೆ ಬೆಳಕು ಕೊಡುವ ಹತ್ತು ದೀಪಗಳಿಗೆ ಯಾವ ಚರ್ಚೆಯೂ ಬೇಕಿಲ್ಲ.

ತಿಂಗಳು ತಿಂಗಳೂ ಬೇಕಾದದ್ದು: 4,000

ಇಂಟರ್ನೆಟ್ 600, ಅದು ಕೈಕೊಟ್ಟಾಗ ಟ್ಯಾಬಿಗೆ ಬೇರೆ ಕಂಪನಿಯ ಸಿಮ್ 300. ಎಂಟು ಜನಕ್ಕೆ ವಾರಕ್ಕೆರಡು ಸಲ ಶುಗರ್ ನೋಡಲು ತಿಂಗಳಿಗೆ 70 ಸ್ಟ್ರಿಪ್, ಒಂದಕ್ಕೆ 18ರಂತೆ 1,260, ಚುಚ್ಚುವ ಸೂಜಿ 140, ಒಟ್ಟು 1,400. ಐದು ಶ್ರವಣ ಸಾಧನದ ಸೆಲ್ಲು 900. ಗಂಟೆಯ ಸೆಲ್ಲು, ರಿಪೇರಿ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ 500. ಇವೆಲ್ಲ ಎಳೆಯುವ ವಿದ್ಯುತ್ 300. ಸೇರಿ 4,000, ತಲೆಗೆ 160.

ಗ್ಲುಕೋಮೀಟರಿನ ಬೆಲೆ 1,000. ಅದಕ್ಕೆ ವರ್ಷಕ್ಕೆ ಬೇಕಾಗುವ ಸ್ಟ್ರಿಪ್ ಮತ್ತು ಸೂಜಿ 16,800. ಒಂದು ಮಿಷನ್ನಿಗೆ ಹದಿನೇಳು ಪಟ್ಟು. ಮಿಷನ್ ದಾನ ಕೊಟ್ಟವರು ಹದಿನೆಂಟರಲ್ಲಿ ಹದಿನೇಳು ಭಾಗವನ್ನು ಆಶ್ರಮದ ಮೇಲೆ ಹೊರಿಸಿ ಹೋಗಿರುತ್ತಾರೆ. ಇನ್ನೊಂದು ವಿಷಯ: ಒಂದು ಕಂಪನಿಯ ಮಿಷನ್ನಿಗೆ ಇನ್ನೊಂದರ ಸ್ಟ್ರಿಪ್ ಆಗುವುದಿಲ್ಲ. ದಾವಣಗೆರೆಗೆ ಹೋದಾಗ ಮಾತ್ರ ಸ್ಟ್ರಿಪ್ ಸಿಗುವ ಮಿಷನ್ನಿಗಿಂತ, ನ್ಯಾಮತಿಯ ಮೆಡಿಕಲ್ ಶಾಪಿನಲ್ಲೇ ಸ್ಟ್ರಿಪ್ ಸಿಗುವ ಸಾದಾ ಮಿಷನ್ನು ಮೇಲು.

ಶ್ರವಣ ಸಾಧನವನ್ನು ಯಾರೂ ‘ಡಿಜಿಟಲ್’ ಪಟ್ಟಿಗೆ ಸೇರಿಸುವುದಿಲ್ಲ. ಕಿವಿ ಕೇಳದ ಅಜ್ಜನನ್ನು ಟ್ಯಾಬಿನ ಮುಂದೆ ಕೂರಿಸಿ ವೈದ್ಯರ ಜೊತೆ ಮಾತಾಡಿಸಿದರೆ ಮಾತು ನಡೆಯುವುದು ವೈದ್ಯರಿಗೂ ಆಯಾಗೂ ನಡುವೆ. ಅಜ್ಜ ಬರಿದೆ ಕೂತಿರುತ್ತಾರೆ. 2017ರ ಏಪ್ರಿಲ್‌ನಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಶ್ರವಣ ಸಾಧನ, ಕನ್ನಡಕ, ಊರುಗೋಲು, ಗಾಲಿಕುರ್ಚಿ, ಹಲ್ಲಿನ ಸೆಟ್ ಉಚಿತವಾಗಿ ಸಿಗುತ್ತವೆ. ಅದಕ್ಕಾಗಿಯೇ ಶ್ರವಣ ಸಾಧನದ ಬೆಲೆಯನ್ನು ನನ್ನ ಪಟ್ಟಿಗೆ ಹಾಕಿಲ್ಲ, ಸೆಲ್ಲಿನ ಬೆಲೆಯನ್ನು ಮಾತ್ರ ಹಾಕಿದ್ದೇನೆ. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದರೆ ಶಿಬಿರ ಯಾವಾಗ ಎಂದು ತಿಳಿಯುತ್ತದೆ. ಆಶ್ರಮದಿಂದ ಒಬ್ಬರು ಹೋಗಿ ಹೆಸರು ಬರೆಸುವ ಕೆಲಸ ಅದು, ಒಂದು ದಿನದ್ದು.

ಎರಡು ಗಂಟೆ ಯಾಕೆ ಬೇಕು

ಯಂತ್ರ ಬಂದರೆ ಕೆಲಸ ಉಳಿಯುತ್ತದೆ ಎಂದು ಮಾರುವವರು ಹೇಳುತ್ತಾರೆ. ಮೊದಮೊದಲು ಕೆಲಸ ಹೆಚ್ಚುತ್ತದೆ ಎಂಬುದನ್ನು ಲೆಕ್ಕ ತೋರಿಸುತ್ತದೆ. ಬಿಪಿ ಸರಿಯಾಗಿ ನೋಡಬೇಕೆಂದರೆ ಐದು ನಿಮಿಷ ಸುಮ್ಮನೆ ಕೂರಿಸಿ, ಎರಡು ಸಲ ನೋಡಬೇಕು. ಒಬ್ಬರಿಗೆ ಎಂಟು ನಿಮಿಷ. ದಿನಕ್ಕೆ ಹತ್ತು ಜನರ ಸರದಿ ಎಂದರೆ 80 ನಿಮಿಷ. ಶುಗರ್ ದಿನಕ್ಕೆ ಎರಡು ಮೂರು ಮಂದಿಗೆ, 10 ನಿಮಿಷ. ಪುಸ್ತಕದಲ್ಲಿ ಬರೆದು, ಹಾಳೆಯ ಫೋಟೊ ತೆಗೆದು ಇಡಲು 20. ಒಟ್ಟು 110 ನಿಮಿಷ. ವೈದ್ಯರ ಕರೆಗೆ ಕಾಯುವ ಹೊತ್ತು ಸೇರಿಸಿದರೆ ಎರಡು ಗಂಟೆ ದಾಟುತ್ತದೆ. ತಿಂಗಳಿಗೆ 14,000 ಸಂಬಳದ ಆಯಾ ದಿನಕ್ಕೆ ಎಂಟು ಗಂಟೆಯಂತೆ 26 ದಿನ ದುಡಿದರೆ ಗಂಟೆಗೆ 67 ರೂಪಾಯಿ ಬೀಳುತ್ತದೆ. ತಿಂಗಳಿಗೆ 60 ಗಂಟೆಗೆ ಸುಮಾರು 4,000, ತಲೆಗೆ ಇನ್ನೊಂದು 160.

ಈ ಹಣವನ್ನು ಬಜೆಟ್ಟಿನಲ್ಲಿ ತೋರಿಸದಿದ್ದರೆ ಕೆಲಸ ಎಲ್ಲಿಂದ ಬರುತ್ತದೆ? ಇರುವ ಆಯಾಳ ಮೈಮೇಲಿಂದ. ಅದೇ ಹೊತ್ತಿನಲ್ಲಿ ಆಕೆ ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸಬೇಕು, ಸ್ನಾನ ಮಾಡಿಸಬೇಕು, ಊಟ ತಿನ್ನಿಸಬೇಕು. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಸುಗ್ಗಿ ಬಂತೆಂದರೆ ಸುಲಿಯುವ ಕೆಲಸಕ್ಕೆ ಹೆಂಗಸರಿಗೆ ಎಲ್ಲಿಲ್ಲದ ಬೇಡಿಕೆ. ಆ ತಿಂಗಳುಗಳಲ್ಲಿ ಕಡಿಮೆ ಸಂಬಳಕ್ಕೆ ಹೆಚ್ಚು ಕೆಲಸ ಹೇಳಿದರೆ ಆಯಾ ಉಳಿಯುವುದಿಲ್ಲ, ಉಳಿಯಲಿ ಎಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಆ ಎರಡು ಗಂಟೆಯನ್ನು ಕಲಿತ ಕೆಲಸವೆಂದು ಒಪ್ಪಿ, ಹೆಸರಿಟ್ಟು, ಹಣ ಕೊಡಬೇಕು.

ಇಂಗ್ಲೆಂಡಿನಲ್ಲೂ ಪೆಟ್ಟು ಬಿದ್ದದ್ದು ಇಲ್ಲೇ. ಅಲ್ಲಿನ ಸರ್ಕಾರ 2021ರ ಡಿಸೆಂಬರಿನಲ್ಲಿ ಶ್ವೇತಪತ್ರ ಹೊರಡಿಸಿ, ಆರೈಕೆ ಕ್ಷೇತ್ರದ ಡಿಜಿಟಲೀಕರಣಕ್ಕೆ ಕನಿಷ್ಠ 15 ಕೋಟಿ ಪೌಂಡ್ ಎತ್ತಿಟ್ಟು, 2024ರ ಮಾರ್ಚಿನೊಳಗೆ ನೂರಕ್ಕೆ 80 ಸಂಸ್ಥೆಗಳಲ್ಲಿ ಡಿಜಿಟಲ್ ದಾಖಲೆ ಇರಬೇಕೆಂದು ಗುರಿಯಿಟ್ಟಿತು. ಅಷ್ಟು ಹಣದ ನಡುವೆಯೂ ಆ ದೇಶದ ಆರೈಕೆ ಮನೆಗಳ ದೊಡ್ಡ ಕೊರತೆ ಆಯಾಗಳದ್ದೇ.

ನಾಲ್ಕು ಪ್ರಯಾಣ

ಮೂರೂ ಸೇರಿಸೋಣ: ಯಂತ್ರ 1,927, ಬಳಕೆ 4,000, ಸಮಯ 4,000. ತಿಂಗಳಿಗೆ 9,927. ಇದು ಹೆಚ್ಚೋ ಕಡಿಮೆಯೋ ಎಂದು ತಿಳಿಯಲು ಇನ್ನೊಂದು ಖರ್ಚಿನ ಪಕ್ಕ ಇಡಬೇಕು.

1997ರ ಆಗಸ್ಟ್ 15ರಂದು ಮುಖ್ಯಮಂತ್ರಿ ಜೆ.ಎಚ್. ಪಟೇಲರು ದಾವಣಗೆರೆ ಜಿಲ್ಲೆ ಮಾಡಿದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದವು. ಕಚೇರಿ ಕೆಲಸಕ್ಕೆ ದಾವಣಗೆರೆ ಆದರೂ ಹೊನ್ನಾಳಿ, ನ್ಯಾಮತಿಯವರು ಕಾಯಿಲೆ ಬಿದ್ದಾಗ ಇಂದಿಗೂ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಡೆ ಮುಖ ಮಾಡುತ್ತಾರೆ. ಜಗಳೂರು, ಚನ್ನಗಿರಿಯಿಂದ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೆ ಐವತ್ತು ಕಿಲೋಮೀಟರಿನ ಆಸುಪಾಸು. 55 ಕಿ.ಮೀ. ಎಂದು ಹಿಡಿದರೆ ಹೋಗಿಬರಲು 110, ಕಾರಿಗೆ ಕಿ.ಮೀ.ಗೆ 15ರಂತೆ 1,650. ಜೊತೆಗೆ ಹೋದ ಆಯಾಳ ಒಂದು ದಿನ 540. ಇಬ್ಬರ ಊಟ-ತಿಂಡಿ 250. ಒಂದು ಪ್ರಯಾಣಕ್ಕೆ 2,440. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸಾದಾ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಅದು ದೊಡ್ಡ ಉಪಕಾರವೇ. ಆದರೆ ನಡೆಯಲಾರದ, ಮೂತ್ರ ತಡೆದುಕೊಳ್ಳಲಾರದ ಎಂಬತ್ತರ ಅಜ್ಜಿಯನ್ನು ಬಸ್ಸು ಹತ್ತಿಸಲು ಆಗುವುದಿಲ್ಲ.

9,927ನ್ನು 2,440ರಿಂದ ಭಾಗಿಸಿದರೆ ನಾಲ್ಕು. 25 ಹಿರಿಯರ ಮನೆಯಲ್ಲಿ ತಿಂಗಳಿಗೆ ನಾಲ್ಕು ಪ್ರಯಾಣ ತಪ್ಪಿದರೆ ಇಡೀ ವ್ಯವಸ್ಥೆಯ ಖರ್ಚು ಹುಟ್ಟಿತು. 19 ಮಂದಿ ದೀರ್ಘಕಾಲದ ಕಾಯಿಲೆಯವರಿರುವಾಗ ನಾಲ್ಕು ಎಂಬುದು ದೂರದ ಸಂಖ್ಯೆಯಲ್ಲ.

ತಪ್ಪಿಸುವ ದಾರಿ ಇ-ಸಂಜೀವಿನಿ. 2019ರ ನವೆಂಬರಿನಲ್ಲಿ ಶುರುವಾಗಿ, ಕೋವಿಡ್ ಲಾಕ್‌ಡೌನಿನ ಏಪ್ರಿಲ್ 2020ರಲ್ಲಿ ಮನೆಯಿಂದಲೇ ವೈದ್ಯರನ್ನು ಕಾಣುವ ಓಪಿಡಿಯಾಗಿ ಬೆಳೆದು, 2023ರ ಫೆಬ್ರುವರಿಗೆ ಹತ್ತು ಕೋಟಿ ಸಮಾಲೋಚನೆ ದಾಟಿದ ಸರ್ಕಾರಿ ಸೇವೆ. ಫೀಜು ಇಲ್ಲ. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ: 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ನಾರಾಯಣ ಹೃದಯಾಲಯವನ್ನು ಚಾಮರಾಜನಗರ ಜಿಲ್ಲಾಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಿ ಹೃದಯರೋಗಿಗಳನ್ನು ನೋಡಲಾಗಿತ್ತು. ಅಂದು ಉಪಗ್ರಹ ಬೇಕಾಗಿದ್ದ ಕೆಲಸಕ್ಕೆ ಇಂದು 600 ರೂಪಾಯಿಯ ಇಂಟರ್ನೆಟ್ ಸಾಕು. ಹತ್ತು ನಿಮಿಷದ ವಿಡಿಯೊಗೆ 40 ಎಂಬಿ ಹತ್ತಿರ ಖರ್ಚಾಗುತ್ತದೆ.

ಮಿತಿಗಳನ್ನೂ ಹೇಳಬೇಕು. ಎಕ್ಸ್‌ರೇ, ಕಣ್ಣಿನ ಪೊರೆ, ಹುಣ್ಣು, ಮುರಿದ ಮೂಳೆ ಇವಕ್ಕೆ ಪ್ರಯಾಣ ತಪ್ಪದು. ತಪ್ಪುವುದು ‘ಅದೇ ಮಾತ್ರೆ ಮುಂದುವರಿಸಿ’ ಎಂಬ ಒಂದು ಮಾತಿಗಾಗಿ ಹೋಗುವ ಪ್ರಯಾಣ. 2020ರ ಮಾರ್ಚ್ 25ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಮೊದಲ ಸಲ ಕಾಣುವ ರೋಗಿಗೆ ವಿಡಿಯೊ ಇಲ್ಲದೆ ಹೆಚ್ಚಿನ ಔಷಧಗಳನ್ನು ಬರೆಯುವಂತಿಲ್ಲ, ಮಾದಕ ಗುಂಪಿನ ಔಷಧಗಳನ್ನು ದೂರದಿಂದ ಬರೆಯುವಂತೆಯೇ ಇಲ್ಲ. ಮತ್ತೊಂದು ತೊಡಕು ಭಾಷೆಯದು. ಲಂಬಾಣಿಗಳ ಸಂತ ಸೇವಾಲಾಲರ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲಿ. ಸುತ್ತಲ ತಾಂಡಾಗಳಿಂದ ಬಂದ ಲಂಬಾಣಿ ಅಜ್ಜಿಗೆ ನೋವನ್ನು ಹೇಳಲು ಬರುವುದು ತನ್ನ ಮಾತಿನಲ್ಲೇ. ಟ್ಯಾಬಿನ ಪಕ್ಕ ಆ ಮಾತು ಬಲ್ಲ ಒಬ್ಬರು ಕೂರಲೇಬೇಕು.

ವೈದ್ಯರು ಕೇಳುವ ಮೊದಲ ಪ್ರಶ್ನೆ ‘ಬಿಪಿ ಎಷ್ಟಿತ್ತು?’ ಎಂಬುದು. ಕಳೆದ ಒಂದು ತಿಂಗಳ ಹತ್ತು ಅಂಕಿಗಳನ್ನು ತೋರಿಸಿದರೆ ಸಲಹೆಗೆ ಅರ್ಥ ಬರುತ್ತದೆ, ಇಲ್ಲದಿದ್ದರೆ ವೈದ್ಯರು ಅಂದಾಜಿನ ಮೇಲೆ ಮಾತಾಡಬೇಕಾಗುತ್ತದೆ. ಆ ಎರಡು ಗಂಟೆಯ ಫಲ ಕಾಣುವುದು ಇಲ್ಲಿ. ಆಯುಷ್ಮಾನ್ ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿ ವಾರಕ್ಕೊಮ್ಮೆ ಆಶ್ರಮಕ್ಕೆ ಬಂದು ತಮ್ಮ ಕಡೆಯಿಂದಲೇ ವೈದ್ಯರ ಜೊತೆ ಮಾತಾಡಿಸಿದರೆ ಇನ್ನೂ ಸುಲಭ. ಅದಕ್ಕೆ ಹೊಸ ಯೋಜನೆ ಬೇಡ, ತಾಲ್ಲೂಕು ಆರೋಗ್ಯಾಧಿಕಾರಿಯ ಒಂದು ಆದೇಶ ಸಾಕು.

ಹಣ ಬೇಡದ, ಕಡಿಮೆ ಹಣದ ಕೆಲವು

ಸರ್ಕಾರಿ ಪಿಂಚಣಿ, ಭವಿಷ್ಯನಿಧಿ ಪಿಂಚಣಿ ಇರುವವರು ಆಶ್ರಮದಲ್ಲಿದ್ದರೆ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರಕ್ಕಾಗಿ ಬ್ಯಾಂಕಿಗೆ ಹೊತ್ತೊಯ್ಯಬೇಕಿಲ್ಲ. 2014ರ ನವೆಂಬರ್ 10ರಂದು ಬಂದ ಜೀವನ್ ಪ್ರಮಾಣ್ 2021ರಿಂದ ಮುಖ ನೋಡಿಯೂ ಗುರುತಿಸುತ್ತದೆ. ಗದ್ದೆ-ತೋಟದಲ್ಲಿ ಸವೆದ ಬೆರಳಿನ ಗೆರೆ ಸಿಗದಿದ್ದರೂ ಚಿಂತೆಯಿಲ್ಲ. ಅದೇ ಟ್ಯಾಬಿನಲ್ಲಿ ಉಚಿತವಾಗಿ ಆಗುತ್ತದೆ. ಅಂಚೆಯಣ್ಣ ಮನೆಗೆ ಬಂದು ಮಾಡಿಕೊಟ್ಟರೆ 70 ರೂಪಾಯಿ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ ಎಂಬತ್ತು ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶ.

ಎಲ್ಡರ್‌ಲೈನ್ ಎಂಬ ಹಿರಿಯರ ಸಹಾಯವಾಣಿ 14567 ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಸಿಗುತ್ತದೆ. ಬೆಂಗಳೂರಿನಲ್ಲಿ 1998ರಲ್ಲಿ ಹುಟ್ಟಿದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಲ್ಲೇ ನಗರ ಪೊಲೀಸರ ಜೊತೆ ಸೇರಿ 1090 ಸಹಾಯವಾಣಿ ನಡೆಸಿತ್ತು. ತಾಲ್ಲೂಕಿನ ಹಿರಿಯರಿಗೆ ಅಂಥದ್ದೊಂದು ಸಂಖ್ಯೆ ಸಿಗಲು ಇನ್ನೂ ಸುಮಾರು ಎರಡು ದಶಕ ಹಿಡಿಯಿತು. ರಾತ್ರಿ ಎಂಟರ ಮೇಲೆ 108, 112. ಮನಸ್ಸಿನ ಸಂಕಟಕ್ಕೆ ಟೆಲಿ-ಮಾನಸ್ 14416, ದಿನದ 24 ಗಂಟೆಯೂ ಕನ್ನಡದಲ್ಲಿ. ಆನ್‌ಲೈನ್ ವಂಚನೆಯಲ್ಲಿ ಹಣ ಕಳೆದುಕೊಂಡರೆ ಕೂಡಲೆ 1930. ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಪಕ್ಕ ಅಂಟಿಸಲು ಖರ್ಚಿಲ್ಲ. ಹಿರಿಯರ ಬ್ಯಾಂಕ್ ಖಾತೆ, ಒಟಿಪಿ ಬರುವ ಸಿಮ್ಮು ಮಾತ್ರ ಎಲ್ಲರೂ ಮುಟ್ಟುವ ಟ್ಯಾಬಿನಲ್ಲಿ ಇರಕೂಡದು. ಇದರಲ್ಲಿ ರಾಜಿ ಬೇಡ.

ಮಾತ್ರೆಯ ವಿಷಯದಲ್ಲಿ ಆ್ಯಪು ಕೂಡ ಬೇಡ ಎನ್ನುತ್ತೇನೆ. ಒಬ್ಬರಿಗೆ ದಿನಕ್ಕೆ ಆರು ಮಾತ್ರೆಯಂತೆ 25 ಮಂದಿಗೆ 150, ತಿಂಗಳಿಗೆ 4,500. ನೂರರಲ್ಲಿ ಒಂದು ತಪ್ಪಿದರೂ 45 ತಪ್ಪು. ವಾರದ ಏಳು ಖಾನೆಯ ಡಬ್ಬಿ 150 ರೂಪಾಯಿಯಂತೆ 25ಕ್ಕೆ 3,750. ಭಾನುವಾರ ಇಬ್ಬರು ಕೂತು ತುಂಬಿದರೆ, ಫೋನಿನ ಅಲಾರಂ ಎರಡು ಹೊತ್ತು ಬಡಿದರೆ, ಅದಕ್ಕಿಂತ ಒಳ್ಳೆಯ ವ್ಯವಸ್ಥೆ ಈ ಬೆಲೆಗೆ ಸಿಗದು.

ವರ್ಷಕ್ಕೆ 4 ಲಕ್ಷ 80 ಸಾವಿರ

ತಲೆಗೆ 400 ಎಂದು ದುಂಡಾಗಿಸಿದರೆ 25 ಮಂದಿಯ ಮನೆಗೆ ವರ್ಷಕ್ಕೆ 1 ಲಕ್ಷ 20 ಸಾವಿರ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿಗೆ ಒಂದೊಂದರಂತೆ ನಾಲ್ಕು ಮನೆಗೆ 4 ಲಕ್ಷ 80 ಸಾವಿರ. ಕಾಯ್ದೆ ಹೇಳಿದ 150 ಹಾಸಿಗೆಗೆ 7 ಲಕ್ಷ 20 ಸಾವಿರ. ಒಂದು ಜಿಲ್ಲೆಯ ಬಜೆಟ್ಟಿಗೆ ಇದು ಸಣ್ಣ ಮೊತ್ತ. ಹಿರಿಯ ನಾಗರಿಕರ ಸಬಲೀಕರಣ ಇಲಾಖೆ ವೃದ್ಧಾಶ್ರಮಗಳ ಅನುದಾನದಲ್ಲಿ ಯಂತ್ರ ಖರೀದಿಗೆ ಬೇರೆ, ಬಳಕೆಗೆ ಬೇರೆ, ಆಯಾಳ ಎರಡು ಗಂಟೆಗೆ ಬೇರೆ ಎಂದು ಮೂರು ಬಾಬತ್ತು ತೆರೆಯಬೇಕು. ಮೊದಲನೆಯದನ್ನು ಮಾತ್ರ ಕೊಡುವುದಾದರೆ ಆ ಹಣವನ್ನೂ ಕೊಡದಿರುವುದು ಮೇಲು.

ಓದುಗರಲ್ಲಿ ಒಂದು ಮಾತು. ಮಗಳ ಹುಟ್ಟುಹಬ್ಬಕ್ಕೆ, ತಂದೆಯ ಪುಣ್ಯತಿಥಿಗೆ ಆಶ್ರಮದಲ್ಲಿ ಊಟ ಹಾಕಿಸುವ ಪದ್ಧತಿ ನಮ್ಮಲ್ಲಿದೆ, ಅದು ಒಳ್ಳೆಯದೇ. ಆದರೆ 25ರಲ್ಲಿ ಎಂಟು ಜನಕ್ಕೆ ಶುಗರ್ ಇದೆ, ನೀವು ಬಡಿಸುವ ಹೋಳಿಗೆಯನ್ನು ಅವರು ತಿನ್ನುವಂತಿಲ್ಲ. ಮುಂದಿನ ಸಲ ಹೋಗುವ ಮುಂಚೆ ಆಶ್ರಮಕ್ಕೆ ಫೋನು ಮಾಡಿ, ‘ನಿಮ್ಮಲ್ಲಿ ಯಾವ ಕಂಪನಿಯ ಶುಗರ್ ಮಿಷನ್ ಇದೆ?’ ಎಂದು ಕೇಳಿ, ಅದರ ಒಂದು ತಿಂಗಳ ಸ್ಟ್ರಿಪ್ ಮತ್ತು ಸೂಜಿ ಕೊಂಡೊಯ್ಯಿರಿ. 1,400 ರೂಪಾಯಿ ಆಗುತ್ತದೆ.